ಸಿಪಾಯಿ, ಅಮಲು ಮತ್ತು ಸೂರು

ಕುಡಿದವನ ತಲೆಗೇರುವುದನ್ನು ನಾವು ಅಮಲು ಎನ್ನುತ್ತೇವೆ. ತಾಲ್ಲೂಕಿನ ಅಧಿಕಾರಿಯನ್ನು ನಮ್ಮ ಹಿರಿಯರು ಅಮಲ್ದಾರ ಎನ್ನುತ್ತಿದ್ದರು. ಎರಡೂ ಅರಬಿಯ 'ಅಮಲ್' ಎಂಬ ಒಂದೇ ಮಾತಿನಿಂದ ಬಂದವು. ಅಲ್ಲಿ ಅದಕ್ಕೆ ಕೆಲಸ, ಕ್ರಿಯೆ ಎಂದಷ್ಟೇ ಅರ್ಥ. ಫಾರಸಿ, ಉರ್ದುಗಳ ದಾರಿಯಲ್ಲಿ ನಡೆದು ಬರುವಾಗ ಅದರ ಒಂದು ಕವಲು ಸರ್ಕಾರಿ ಕಚೇರಿಗೆ ಹೋಯಿತು, ಇನ್ನೊಂದು ಕವಲು ಹೆಂಡದಂಗಡಿಗೆ ಹೋಯಿತು. ಅಮೆರಿಕದ ಮಾಜಿ ಸೈನಿಕರ ಚರಿತ್ರೆಯನ್ನು ಓದುವಾಗ ಈ ಎರಡು ಕವಲುಗಳು ಮತ್ತೆ ಕೂಡುವುದನ್ನು ಕಾಣುತ್ತೇವೆ. ಅಲ್ಲಿ ಸಿಪಾಯಿಗೆ ಅಮಲು ಹತ್ತಿಸಿದ್ದು ಅನೇಕ ಸಲ ಸರ್ಕಾರವೇ. ಹತ್ತಿದ ಮೇಲೆ ಅವನು ದುಶ್ಚಟದವನೆಂದು ಬಾಗಿಲು ಹಾಕಿಕೊಂಡದ್ದೂ ಅದೇ ಸರ್ಕಾರ.

ಈ ಚರಿತ್ರೆ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದ ಆರಂಭವಾಗುತ್ತದೆ. ಕೈಕಾಲು ಕಳೆದುಕೊಂಡವರಿಗೂ ಭೇದಿಯಿಂದ ನರಳುವವರಿಗೂ ಅಂದಿನ ವೈದ್ಯರ ಬಳಿ ಇದ್ದ ದೊಡ್ಡ ಮದ್ದು ಅಫೀಮು ಮತ್ತು ಮಾರ್ಫಿನ್. ಉತ್ತರದ ಸೇನೆಯೊಂದೇ ಸುಮಾರು 1 ಕೋಟಿ ಅಫೀಮು ಗುಳಿಗೆಗಳನ್ನು ಹಂಚಿತೆಂದು ಲೆಕ್ಕ ಹೇಳುತ್ತಾರೆ. ಯುದ್ಧ ಮುಗಿಯಿತು, ನೋವು ಮುಗಿಯಲಿಲ್ಲ. ಗುಳಿಗೆಯೂ ಬಿಡಲಿಲ್ಲ. 1865ರ ಮಾರ್ಚ್ 3ರಂದು ಅಬ್ರಹಾಂ ಲಿಂಕನ್ ಅಂಗವಿಕಲ ಸೈನಿಕರಿಗಾಗಿ ರಾಷ್ಟ್ರೀಯ ನಿವಾಸಗಳನ್ನು ಕಟ್ಟುವ ಕಾನೂನಿಗೆ ಸಹಿ ಹಾಕಿದರು. ಮರುದಿನದ ಭಾಷಣದಲ್ಲಿ, ಯುದ್ಧದ ಭಾರ ಹೊತ್ತವನನ್ನೂ ಅವನ ವಿಧವೆಯನ್ನೂ ಅನಾಥ ಮಕ್ಕಳನ್ನೂ ನೋಡಿಕೊಳ್ಳುವುದು ದೇಶದ ಹೊಣೆ ಎಂದರು. ಆದರೆ 1890ರ ಪಿಂಚಣಿ ಕಾನೂನು ಬರುವಷ್ಟರಲ್ಲಿ ಆ ಹೊಣೆಗೆ ಒಂದು ಷರತ್ತು ಸೇರಿಕೊಂಡಿತ್ತು: ಅಂಗವೈಕಲ್ಯವು ಅರ್ಜಿದಾರನ ಸ್ವಂತ ದುಶ್ಚಟದಿಂದ ಬಂದಿರಬಾರದು. ಸೇನೆಯ ವೈದ್ಯನ ಕೈಯಿಂದ ಆರಂಭವಾದ ಚಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಈ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ಇಂದಿಗೂ ಪೂರ್ತಿಯಾಗಿ ಸಿಕ್ಕಿಲ್ಲ.

ಸಮಾಜಕಾರ್ಯ ಎಂಬ ವೃತ್ತಿ ಈ ಕಥೆಯೊಳಗೆ ಬರುವುದು ಮೊದಲ ಮಹಾಯುದ್ಧದ ಕಾಲಕ್ಕೆ. ಶೆಲ್‌ಗಳ ಸದ್ದಿಗೆ ಮನಸ್ಸು ಕದಡಿಹೋದ ಸಿಪಾಯಿಗಳನ್ನು ನೋಡಿಕೊಳ್ಳಲು ಜನ ಬೇಕಾಗಿತ್ತು. ಅವರನ್ನು ತಯಾರು ಮಾಡಲೆಂದೇ 1918ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜು ತರಬೇತಿ ಶುರು ಮಾಡಿತು. ಮಾನಸಿಕ ರೋಗಿಗಳ ಸಮಾಜಕಾರ್ಯವೆಂಬ ಶಾಖೆ ಬೆಳೆದದ್ದೇ ಹೀಗೆ ಸಿಪಾಯಿಯ ಹಾಸಿಗೆಯ ಪಕ್ಕದಲ್ಲಿ. 1926ರಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆ 36 ಮಂದಿ ಸಮಾಜಕಾರ್ಯಕರ್ತರೊಂದಿಗೆ ಈ ಕೆಲಸವನ್ನು ಆರಂಭಿಸಿತು. ವೈದ್ಯ ಗಾಯವನ್ನು ನೋಡುತ್ತಾನೆ. ಆದರೆ ಗಾಯ ಮಾಯ್ದ ಮೇಲೆ ಈ ಮನುಷ್ಯ ಎಲ್ಲಿಗೆ ಹೋಗುತ್ತಾನೆ, ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ಕೇಳುವವರು ಇವರು.

ಆರೇ ವರ್ಷಗಳಲ್ಲಿ ಆ ಪ್ರಶ್ನೆ ರಾಜಧಾನಿಯ ಬೀದಿಗೆ ಬಂತು. ಮೊದಲ ಮಹಾಯುದ್ಧದ ಸಿಪಾಯಿಗಳಿಗೆ ಕೊಡಬೇಕಾದ ಬೋನಸನ್ನು 1945ರಲ್ಲಿ ಕೊಡುವುದಾಗಿ ಸರ್ಕಾರ ಹೇಳಿತ್ತು. ಆರ್ಥಿಕ ಕುಸಿತದಲ್ಲಿ ಕೆಲಸವನ್ನೂ ಮನೆಯನ್ನೂ ಕಳೆದುಕೊಂಡವರಿಗೆ ಅಷ್ಟು ವರ್ಷ ಕಾಯುವ ಶಕ್ತಿ ಎಲ್ಲಿಯದು? 1932ರ ಬೇಸಿಗೆಯಲ್ಲಿ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳೊಂದಿಗೆ ವಾಷಿಂಗ್ಟನ್‌ಗೆ ಬಂದು, ಅನಕೋಸ್ಟಿಯಾ ಹೊಳೆಯ ಬಯಲಿನಲ್ಲಿ ರಟ್ಟು ತಗಡುಗಳ ಗುಡಿಸಲು ಹಾಕಿದರು. ಕರಿಯರೂ ಬಿಳಿಯರೂ ಬೇರೆ ಬೇರೆ ಇರಬೇಕಾಗಿದ್ದ ಆ ಕಾಲದಲ್ಲಿ ಅಲ್ಲಿ ಅವರು ಒಟ್ಟಿಗೇ ಇದ್ದರು. ಜುಲೈ 28ರಂದು ಜನರಲ್ ಡಗ್ಲಾಸ್ ಮ್ಯಾಕ್‌ಆರ್ಥರ್ ನೇತೃತ್ವದಲ್ಲಿ ಸೇನೆ ಅಶ್ರುವಾಯು, ಟ್ಯಾಂಕುಗಳೊಂದಿಗೆ ಬಂದು ಅವರನ್ನು ಓಡಿಸಿತು. ಗುಡಿಸಲುಗಳು ಸುಟ್ಟುಹೋದವು. ಅದಕ್ಕೆ ಮುಂಚೆ ಅದೇ ದಿನ ಪೊಲೀಸರ ಗುಂಡಿಗೆ ಇಬ್ಬರು ಮಾಜಿ ಸೈನಿಕರು ಬಲಿಯಾಗಿದ್ದರು. ಹಿಂದೆ ಅವರಿಗೆ ಸಮವಸ್ತ್ರ ಕೊಟ್ಟಿದ್ದ ಸೇನೆಯೇ ಅವರ ಗುಡಿಸಲಿನ ಎದುರು ನಿಂತಿತ್ತು.

ಆ ಅವಮಾನದ ನೆನಪು 1944ರ ಮಾಜಿ ಸೈನಿಕರ ಕಾಯ್ದೆಯ ಹಿಂದೆ ಇತ್ತು. ಓದಿಗೆ ಹಣ, ಮನೆಗೆ ಸಾಲ, ನಿರುದ್ಯೋಗ ಭತ್ಯೆ ಕೊಟ್ಟ ಆ ಕಾಯ್ದೆ ಲಕ್ಷಾಂತರ ಕುಟುಂಬಗಳನ್ನು ಎತ್ತಿ ನಿಲ್ಲಿಸಿತು. ಆದರೆ ಎಲ್ಲರನ್ನೂ ಅಲ್ಲ. ಮಿಸಿಸಿಪ್ಪಿ ರಾಜ್ಯದ 13 ಪಟ್ಟಣಗಳಲ್ಲಿ 1947ರಲ್ಲಿ ನಡೆದ ಒಂದು ಸಮೀಕ್ಷೆಯಂತೆ, ಈ ಖಾತರಿಯ ಮೇಲೆ ಸಿಕ್ಕ 3,229 ಸಾಲಗಳಲ್ಲಿ ಕರಿಯ ಸೈನಿಕರ ಪಾಲಿಗೆ ಬಂದವು ಕೇವಲ ಎರಡು. ಅಜ್ಜನಿಗೆ ಸಿಗದ ಮನೆ ಮೊಮ್ಮಗನಿಗೂ ಇರುವುದಿಲ್ಲ. ಇಂದು ಅಮೆರಿಕದ ಮನೆಯಿಲ್ಲದ ಮಾಜಿ ಸೈನಿಕರಲ್ಲಿ ಕರಿಯರ ಪ್ರಮಾಣ ಅವರ ಸಂಖ್ಯೆಗೆ ಮೀರಿ ಹೆಚ್ಚಾಗಿರುವುದಕ್ಕೆ ಬೇರುಗಳನ್ನು ಇಲ್ಲಿಯೂ ಹುಡುಕಬೇಕು.

ನಂತರ ಬಂದದ್ದು ವಿಯೆಟ್ನಾಂ. 1966ರಿಂದ 1969ರ ನಡುವೆ ಸಿಪಾಯಿಗಳಿಗೆ ನಿದ್ದೆ ಬಾರದಂತೆ ಮಾಡುವ ಉತ್ತೇಜಕ ಗುಳಿಗೆಗಳನ್ನು ಸೇನೆ ಕೋಟಿಗಟ್ಟಲೆ ಬಳಸಿತೆಂದು ಅಮೆರಿಕ ಸಂಸತ್ತಿನ ಸಮಿತಿಯೇ 1971ರಲ್ಲಿ ದಾಖಲಿಸಿದೆ. ಮುಂದೆ ಅಗ್ಗದ ಹೆರಾಯಿನ್ ಬಂತು. ಅದೇ ವರ್ಷದ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಮೊದಲ ಶತ್ರು ಎಂದು ಸಾರಿದರು. ವಿಮಾನ ಹತ್ತುವ ಮುನ್ನ ಪ್ರತಿ ಸಿಪಾಯಿಯ ಮೂತ್ರಪರೀಕ್ಷೆ ಕಡ್ಡಾಯವಾಯಿತು. ಸೇಂಟ್ ಲೂಯಿಸ್‌ನ ಸಂಶೋಧಕಿ ಲೀ ರಾಬಿನ್ಸ್ ಹೀಗೆ ಮರಳಿದವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. ವಿಯೆಟ್ನಾಂನಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬ ವ್ಯಸನಿಯಾಗಿದ್ದ. ಆದರೆ ಊರಿಗೆ ಮರಳಿದ ಮೊದಲ ವರ್ಷದಲ್ಲಿ ಆ ವ್ಯಸನಿಗಳಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇಕಡಾ 5ರಷ್ಟು ಮಾತ್ರ. ಒಮ್ಮೆ ಹೆರಾಯಿನ್ ಹತ್ತಿದರೆ ಮುಗಿಯಿತು ಎಂದು ತಿಳಿದಿದ್ದ ಜಗತ್ತು ಇದನ್ನು ಸುಲಭವಾಗಿ ನಂಬಲಿಲ್ಲ. ಯುದ್ಧದ ನೆಲ ಬಿಟ್ಟು ಮನೆ, ಕೆಲಸ, ಬಂಧುಗಳ ನಡುವೆ ಬಂದಾಗ ಹೆಚ್ಚಿನವರು ವಿಷವನ್ನು ಬಿಟ್ಟಿದ್ದರು. ಹಾಗಾದರೆ ಮರಳಲು ಮನೆಯೇ ಇಲ್ಲದವನ ಗತಿ ಏನು? ಲೀ ರಾಬಿನ್ಸ್ ಅವರ ಅಂಕಿಗಳನ್ನು ಓದಿ ಮುಗಿಸಿದಾಗ ನಮ್ಮನ್ನು ಕಾಡುವ ಪ್ರಶ್ನೆ ಇದು.

1980ರಲ್ಲಿ ಯುದ್ಧದ ಆಘಾತದಿಂದ ಬರುವ ಮಾನಸಿಕ ಯಾತನೆಗೆ ಅಮೆರಿಕದ ಮನೋವೈದ್ಯರು ಅಧಿಕೃತವಾಗಿ ಒಂದು ರೋಗದ ಹೆಸರು ಕೊಟ್ಟರು. ಅದೇ ದಶಕದಲ್ಲಿ ನಗರಗಳ ಅಗ್ಗದ ಬಾಡಿಗೆ ಕೋಣೆಗಳು ಕಣ್ಮರೆಯಾಗುತ್ತಿದ್ದವು. ಮಾಜಿ ಸೈನಿಕರು ಪಾರ್ಕುಗಳಲ್ಲಿ, ಸೇತುವೆಗಳ ಅಡಿಯಲ್ಲಿ ಕಾಣಿಸಿಕೊಂಡರು. 1988ರ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಏಪ್ರಿಲ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಕುಡಿತದ ಚಟವನ್ನು ಉದ್ದೇಶಪೂರ್ವಕ ದುರ್ನಡತೆ ಎಂದು ಪರಿಗಣಿಸುವ ಇಲಾಖೆಯ ನಿಯಮವನ್ನು ಎತ್ತಿಹಿಡಿಯಿತು. ನ್ಯಾಯ ಕೇಳಿ ಬಂದ ಇಬ್ಬರು ಮಾಜಿ ಸೈನಿಕರು ಆಗಲೇ ಕುಡಿತ ಬಿಟ್ಟಿದ್ದರು. ಅವರು ಬೇಡಿದ್ದು ಓದಲು ಇನ್ನಷ್ಟು ಅವಧಿಯನ್ನು ಮಾತ್ರ. ಜುಲೈನಲ್ಲಿ ಸ್ಯಾನ್ ಡಿಯಾಗೋದ ವಿಯೆಟ್ನಾಂ ಸೈನಿಕರು ತಾವೇ ಮುಂದೆ ಬಂದು ಬಯಲಿನಲ್ಲಿ ಡೇರೆ ಹಾಕಿದರು. ಮೂರು ದಿನ ಬೀದಿಯ ಗೆಳೆಯರನ್ನು ಕರೆತಂದು ಸ್ನಾನ, ಊಟ, ಬಟ್ಟೆ, ವೈದ್ಯರು, ವಕೀಲರು ಎಲ್ಲವನ್ನೂ ಒಂದೇ ಕಡೆ ಒದಗಿಸಿದರು. ದಣಿದ ಪಡೆಯನ್ನು ರಣರಂಗದಿಂದ ಹಿಂದಕ್ಕೆ ಕರೆದು ವಿಶ್ರಾಂತಿ ಕೊಡುವುದಕ್ಕೆ ಸೇನೆಯಲ್ಲಿ 'ಸ್ಟ್ಯಾಂಡ್ ಡೌನ್' ಎನ್ನುತ್ತಾರೆ. ಶಿಬಿರಕ್ಕೂ ಅದೇ ಹೆಸರು. ಮರುವರ್ಷ ನ್ಯಾಯಾಧೀಶರೇ ಆ ಬಯಲಿಗೆ ಬಂದು ಬೀದಿವಾಸದ ಸಣ್ಣಪುಟ್ಟ ಮೊಕದ್ದಮೆಗಳನ್ನು ತೀರಿಸಿದರು.

ಬಿದ್ದವನನ್ನು ಎತ್ತಲು ಬಿದ್ದು ಎದ್ದವನೇ ಸರಿ ಎಂಬ ಈ ತಿಳಿವಳಿಕೆ ಹೊಸದಲ್ಲ. ಹಾರ್ಲೆಮ್‌ನಲ್ಲಿ ವ್ಯಸನದಿಂದ ಹೊರಬಂದವರೇ ಹಳೆಯ ಸಂಗಾತಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ರೀತಿಯನ್ನು ಮಾಲ್ಕಮ್ ಎಕ್ಸ್ ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. 2008ರಲ್ಲಿ ಬಫಲೋ ನಗರದಲ್ಲಿ ನ್ಯಾಯಾಧೀಶ ರಾಬರ್ಟ್ ರಸೆಲ್ ಮಾಜಿ ಸೈನಿಕರಿಗೆಂದೇ ತೆರೆದ ಚಿಕಿತ್ಸಾ ನ್ಯಾಯಾಲಯದಲ್ಲಿಯೂ, ಆರೋಪಿಯ ಜೊತೆಗೆ ಇನ್ನೊಬ್ಬ ಮಾಜಿ ಸೈನಿಕ ಮಾರ್ಗದರ್ಶಕನಾಗಿ ನಿಲ್ಲುತ್ತಾನೆ.

ಆದರೆ ದೊಡ್ಡ ವಾಗ್ವಾದ ನಡೆದದ್ದು ಸೂರಿನ ಬಗ್ಗೆ. ಹಳೆಯ ಪದ್ಧತಿ ಮೆಟ್ಟಿಲಿನಂತಿತ್ತು: ಮೊದಲು ಕುಡಿತ ಬಿಡು, ಆಮೇಲೆ ಆಶ್ರಮ, ಅಲ್ಲಿ ಸರಿಯಾಗಿದ್ದರೆ ಕೊನೆಗೆ ಮನೆ. ನಡುವೆ ಒಮ್ಮೆ ಜಾರಿದರೆ ಮತ್ತೆ ಬೀದಿ. 1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬರಿಸ್ ಈ ಮೆಟ್ಟಿಲನ್ನು ತಲೆಕೆಳಗು ಮಾಡಿದರು. ಮೊದಲು ಬೀಗದ ಕೈ ಕೊಟ್ಟರು, ಆಮೇಲೆ ಚಿಕಿತ್ಸೆಯ ಮಾತು ತೆಗೆದರು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ವರ್ಷಗಳ ನಂತರವೂ ಹೀಗೆ ಮನೆ ಪಡೆದವರಲ್ಲಿ ಶೇಕಡಾ 88 ಮಂದಿ ಮನೆಯಲ್ಲಿದ್ದರು. ಹಳೆಯ ಪದ್ಧತಿಯಲ್ಲಿ ಉಳಿದವರು ಶೇಕಡಾ 47. ಮನೆ ಕೊಟ್ಟ ಮಾತ್ರಕ್ಕೆ ಚಟ ತಾನಾಗಿ ಬಿಡುವುದಿಲ್ಲ ಎಂಬುದೂ ಅಷ್ಟೇ ಸತ್ಯ. ಟೀಕಾಕಾರರು ಈ ಮಾತನ್ನು ಎತ್ತಿದಾಗ ನಾವು ಕಿವಿಗೊಡಬೇಕು. ಒಂಟಿ ಕೋಣೆಯಲ್ಲಿ ಬಾಟಲಿಯೊಂದಿಗೆ ಕೂತವನಿಗೆ ನಾಲ್ಕು ಗೋಡೆಗಳು ಸಾಲುವುದಿಲ್ಲ. ಬಾಗಿಲು ತಟ್ಟುವವರೊಬ್ಬರು ಬೇಕು.

ಅದಕ್ಕಾಗಿಯೇ 1992ರಲ್ಲಿ ಆರಂಭವಾಗಿ 2008ರಿಂದ ವಿಸ್ತಾರಗೊಂಡ ಸರ್ಕಾರಿ ಯೋಜನೆಯಲ್ಲಿ ಬಾಡಿಗೆಯ ನೆರವಿನ ಜೊತೆಗೆ ಸಮಾಜಕಾರ್ಯಕರ್ತರ ನೆರವನ್ನೂ ಜೋಡಿಸಿದರು. ಸಿಪಾಯಿ ತನ್ನ ವರಮಾನದ ಸುಮಾರು ಶೇಕಡಾ 30ನ್ನು ಬಾಡಿಗೆಗೆ ಕೊಡುತ್ತಾನೆ, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಕಳೆದುಹೋದ ಸೇವಾ ಕಾಗದವನ್ನು ಹುಡುಕಿಸುವುದು, ಮನೆಮಾಲೀಕನನ್ನು ಒಪ್ಪಿಸುವುದು, ಹೆರಾಯಿನ್ ಬಿಡುವವನನ್ನು ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುವ ಚಿಕಿತ್ಸಾಲಯಕ್ಕೆ ಕರೆದೊಯ್ಯುವುದು, ಮತ್ತೆ ಕುಡಿದ ದಿನವೂ ಮುಖ ತಿರುಗಿಸದೆ ಮರುದಿನ ಬರುವುದು. ಇವು ಪತ್ರಿಕೆಗಳಲ್ಲಿ ಬರುವ ಸಾಹಸಗಳಲ್ಲ. ಆದರೆ ಫಲ ಕಣ್ಣೆದುರಿಗಿದೆ. 2010ರ ಜನವರಿಯ ಒಂದು ರಾತ್ರಿ ಎಣಿಸಿದಾಗ 74,000ಕ್ಕೂ ಹೆಚ್ಚು ಮಾಜಿ ಸೈನಿಕರು ಮನೆಯಿಲ್ಲದವರಾಗಿದ್ದರು. 2024ರ ಜನವರಿಯಲ್ಲಿ ಆ ಸಂಖ್ಯೆ 32,882. ಅದೇ ರಾತ್ರಿ ಇಡೀ ಅಮೆರಿಕದಲ್ಲಿ ಮನೆಯಿಲ್ಲದವರು 7,70,000ಕ್ಕಿಂತ ಹೆಚ್ಚು, ಆವರೆಗಿನ ದಾಖಲೆ. ಒಂದೇ ದೇಶ, ಒಂದೇ ರಾತ್ರಿ. ಸೂರು ಮತ್ತು ಸಮಾಜಕಾರ್ಯಕರ್ತರು ಎರಡೂ ಸಿಕ್ಕವರ ಸಂಖ್ಯೆ ಇಳಿಯಿತು, ಉಳಿದವರದು ಏರಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯುವುದಿಲ್ಲ. 1888ರಲ್ಲಿ ಲಾಸ್ ಏಂಜಲಿಸ್‌ನ ಪಶ್ಚಿಮಕ್ಕೆ ಅರ್ಕಾಡಿಯಾ ಬಂದಿನಿ ಎಂಬ ಮಹಿಳೆ ಮತ್ತು ಸೆನೆಟರ್ ಜಾನ್ ಜೋನ್ಸ್ ಸೈನಿಕರ ನಿವಾಸಕ್ಕೆಂದು 300 ಎಕರೆಗೂ ಹೆಚ್ಚು ಭೂಮಿಯನ್ನು ದಾನ ಮಾಡಿದ್ದರು. ಕಾಲಾಂತರದಲ್ಲಿ ಅದರ ಭಾಗಗಳು ಒಂದು ವಿಶ್ವವಿದ್ಯಾಲಯದ ಬೇಸ್‌ಬಾಲ್ ಮೈದಾನಕ್ಕೆ, ಒಂದು ಖಾಸಗಿ ಶಾಲೆಯ ಕ್ರೀಡಾಂಗಣಕ್ಕೆ ಗುತ್ತಿಗೆಯಾಗಿ ಹೋದವು. ಬೇಲಿಯ ಹೊರಗಿನ ಕಾಲುದಾರಿಯಲ್ಲಿ ಮಾಜಿ ಸೈನಿಕರು ಡೇರೆ ಹಾಕಿ ಮಲಗಿದರು. 2024ರಲ್ಲಿ ನ್ಯಾಯಾಧೀಶ ಡೇವಿಡ್ ಕಾರ್ಟರ್ ಆ ಗುತ್ತಿಗೆಗಳು ಅಕ್ರಮವೆಂದು ತೀರ್ಪಿತ್ತರು. ಇದನ್ನು ಓದುವಾಗ ನಮಗೆ ನಮ್ಮೂರುಗಳ ವಕ್ಫ್ ಜಮೀನುಗಳ ನೆನಪಾದರೆ ಆಶ್ಚರ್ಯವಿಲ್ಲ. ಬಡವರಿಗೆಂದು ಬಿಟ್ಟ ನೆಲ ಬಲ್ಲಿದರ ಪಾಲಾಗುವ ಕಥೆಗೆ ದೇಶ, ಧರ್ಮಗಳ ಗಡಿಯಿಲ್ಲ. 2025ರ ಮೇ ತಿಂಗಳಿನಲ್ಲಿ ಅಧ್ಯಕ್ಷ ಟ್ರಂಪ್ ಅದೇ ನೆಲದಲ್ಲಿ 6,000 ಮಾಜಿ ಸೈನಿಕರಿಗೆ ವಸತಿ ಕಲ್ಪಿಸುವ ಆದೇಶ ಹೊರಡಿಸಿದರು. ಜುಲೈ ತಿಂಗಳ ಇನ್ನೊಂದು ಆದೇಶದಲ್ಲಿ, ಮೊದಲು ಮನೆ ಎಂಬ ನೀತಿಗೆ ಸರ್ಕಾರದ ಬೆಂಬಲವನ್ನು ಕೊನೆಗೊಳಿಸಬೇಕೆಂದರು. 1890ರ ಷರತ್ತು ಬೇರೆ ಬಟ್ಟೆ ತೊಟ್ಟು ಮತ್ತೆ ಬಂದಂತಿದೆ.

ಮದ್ಯ ಹರಾಮ್ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಮದೀನಾದ ಚರಿತ್ರೆಯ ಕ್ರಮವನ್ನು ಒಮ್ಮೆ ನೋಡೋಣ. 622ರಲ್ಲಿ ಮನೆಮಠ ಬಿಟ್ಟು ಬಂದ ಮುಹಾಜಿರರನ್ನು ಪ್ರವಾದಿ(ಸ) ಅವರು ಮೊದಲು ಅನ್ಸಾರರ ಮನೆಗಳಿಗೆ ಸೇರಿಸಿದರು, ಸಹೋದರರನ್ನಾಗಿ ಬೆಸೆದರು. ಮನೆಯಿಲ್ಲದವರಿಗೆ ಮಸೀದಿಯ ಜಗಲಿಯೇ ಸೂರಾಯಿತು. ಮದ್ಯದ ಸಂಪೂರ್ಣ ನಿಷೇಧ ಬಂದದ್ದು ಕೆಲವು ವರ್ಷಗಳ ನಂತರ, ಅದೂ ಹಂತ ಹಂತವಾಗಿ. ಕುಡಿದು ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬನನ್ನು ಜನ ಶಪಿಸಿದಾಗ, ಶಪಿಸಬೇಡಿ, ಇವನಿಗೆ ಅಲ್ಲಾಹನ ಮೇಲೆ, ಅವನ ರಸೂಲರ ಮೇಲೆ ಪ್ರೀತಿಯಿದೆ ಎಂದು ಪ್ರವಾದಿ(ಸ) ತಡೆದರೆಂದು ಬುಖಾರಿಯ ಹದೀಸಿನಲ್ಲಿದೆ. ನಿಯಮ ಸಡಿಲವಾಗಲಿಲ್ಲ, ಮನುಷ್ಯನೂ ಸಮುದಾಯದ ಹೊರಗೆ ಬೀಳಲಿಲ್ಲ.

ನಾವು ಆಲಿಮರಲ್ಲ, ಕಥೆ ಬರೆಯುವವರು. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಆದರೆ ಚಟ ಬಿಟ್ಟವನೊಬ್ಬ ನಮ್ಮ ಮೊಹಲ್ಲಾಕ್ಕೆ ಬಾಡಿಗೆ ಮನೆ ಕೇಳಿಕೊಂಡು ಬಂದರೆ ಏನಾಗುತ್ತದೆ ಎಂಬುದು ನಮಗೂ ಗೊತ್ತು, ಓದುಗರಿಗೂ ಗೊತ್ತು. ಅವನ ಹಳೆಯ ಕಥೆಯನ್ನು ಯಾರೋ ಮಾಲೀಕರ ಕಿವಿಗೆ ಹಾಕುತ್ತಾರೆ. ಮನೆ ಆಗಲೇ ಬೇರೆಯವರಿಗೆ ಕೊಟ್ಟಾಯಿತು ಎಂಬ ಉತ್ತರ ಸಿಗುತ್ತದೆ. ಅವನು ಎಲ್ಲಿಂದ ಎದ್ದು ಬಂದಿದ್ದನೋ ಅಲ್ಲಿಗೇ ಮರಳುತ್ತಾನೆ. ಅಮೆರಿಕದ ಸರ್ಕಾರವನ್ನು ದೂರುವ ಮುನ್ನ ನಾವು ನಮ್ಮ ಮನೆಯ ಖಾಲಿ ಕೋಣೆಯ ಬಗ್ಗೆಯೂ ಒಂದು ಕ್ಷಣ ಯೋಚಿಸುವುದು ಒಳ್ಳೆಯದು.