ಬೆಂಗಳೂರಿನ ಭೂಗತ ಲೋಕದ ಟೆಲಿವಿಷನ್ ಸರಣಿಗಳು

ಬೆಂಗಳೂರಿನ ರೌಡಿ ಗುಂಪುಗಳನ್ನು ಕುರಿತ ಟೆಲಿವಿಷನ್ ಸರಣಿಗಳು 2000ದ ನಂತರದ ದಶಕದಲ್ಲಿ ಖಾಸಗಿ ಕನ್ನಡ ವಾಹಿನಿಗಳಲ್ಲಿ ಬೆಳೆದು ಬಂದವು. ನಿಜವಾಗಿ ನಡೆದ ಕೊಲೆ, ಹಫ್ತಾ ವಸೂಲಿ, ಗುಂಪು ಘರ್ಷಣೆಗಳನ್ನು ನಿರೂಪಣೆ, ಪೊಲೀಸರ ಹೇಳಿಕೆ ಮತ್ತು ಮರುಸೃಷ್ಟಿಸಿದ ದೃಶ್ಯಗಳ ಮೂಲಕ ಹೇಳುವುದು ಇವುಗಳ ರೀತಿ. ಅಮೆರಿಕದ ಹಿಸ್ಟರಿ ವಾಹಿನಿ 2007ರಲ್ಲಿ ಆರಂಭಿಸಿದ ‘ಗ್ಯಾಂಗ್‌ಲ್ಯಾಂಡ್’ ಒಂದೊಂದು ಕಂತಿನಲ್ಲಿ ಒಂದೊಂದು ಗುಂಪಿನ ಕಥೆ ಹೇಳಿತು. ಕನ್ನಡದಲ್ಲಿ ಇದೇ ವಿಷಯ ಸಾಮಾನ್ಯ ಅಪರಾಧ ಕಾರ್ಯಕ್ರಮಗಳ ನಡುವೆ ಹಂಚಿಹೋಗಿದೆ. ಹೀಗಾಗಿ ಪ್ರಕಾರದ ಚರಿತ್ರೆಯನ್ನು ಪುಸ್ತಕ, ವಾರಪತ್ರಿಕೆ, ಸಿನಿಮಾ ಮತ್ತು ನ್ಯಾಯಾಲಯದ ಆದೇಶಗಳ ಜೊತೆಗಿಟ್ಟೇ ಓದಬೇಕಾಗುತ್ತದೆ.

ಹಿನ್ನೆಲೆ

ಈ ಕಾರ್ಯಕ್ರಮಗಳಿಗೆ ವಸ್ತು ಒದಗಿಸಿದ್ದು 1970 ಮತ್ತು 80ರ ದಶಕಗಳ ಗುಂಪು ಕದನ. ತಿಗಳರಪೇಟೆಯ ಎಂ.ಪಿ. ಜಯರಾಜ್ ದೇವರಾಜ ಅರಸು ಅವರ ಆಡಳಿತದ ಕಾಲದಲ್ಲಿ ಹೆಸರಾದ. ‘ಗರೀಬಿ ಹಟಾವೋ’ ಎಂಬ ವಾರಪತ್ರಿಕೆಯನ್ನೂ ನಡೆಸಿದ. ಅವನ ಎದುರಾಳಿ ಕೊತ್ವಾಲ್ ರಾಮಚಂದ್ರ 1986ರ ಮಾರ್ಚ್‌ನಲ್ಲಿ ಕೊಲೆಯಾದ. ಜಯರಾಜ್ 1989ರ ನವೆಂಬರ್‌ನಲ್ಲಿ ಲಾಲ್‌ಬಾಗ್ ಬಳಿ ಗುಂಡಿಗೆ ಬಲಿಯಾದ. ಮರುವರ್ಷ ಇನ್ನೊಬ್ಬ ಡಾನ್ ಆಯಿಲ್ ಕುಮಾರನ ಹತ್ಯೆಯಾಯಿತು. ಆಮೇಲಿನ ವರ್ಷಗಳಲ್ಲಿ ಮುತ್ತಪ್ಪ ರೈ ಹೆಸರು ಮುಂದೆ ಬಂತು. 2002ರಲ್ಲಿ ದುಬೈನಿಂದ ಭಾರತಕ್ಕೆ ಕರೆತರಲಾದ ರೈ ಪ್ರಕರಣಗಳಲ್ಲಿ ಖುಲಾಸೆಯಾಗಿ, 2008ರಲ್ಲಿ ‘ಜಯ ಕರ್ನಾಟಕ’ ಸಂಘಟನೆ ಕಟ್ಟಿ, 2020ರ ಮೇ 15ರಂದು ತೀರಿಕೊಂಡರು.

ಸರ್ಕಾರ 1985ರಲ್ಲಿ ಗೂಂಡಾ ಕಾಯ್ದೆಯನ್ನೂ 2000ದಲ್ಲಿ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯನ್ನೂ ತಂದಿತು. ಗುಂಪುಗಳ ಆದಾಯದ ಮೂಲ ಕಲಬೆರಕೆ ಎಣ್ಣೆ, ಜೂಜು, ಮಾಮೂಲಿಗಳಿಂದ ನಿವೇಶನ ವ್ಯವಹಾರದ ಕಡೆಗೆ ಸರಿದದ್ದೂ ಸುಮಾರಾಗಿ ಇದೇ ಅವಧಿಯಲ್ಲಿ.

ಪುಸ್ತಕ ಮತ್ತು ಪತ್ರಿಕೆ

ಟಿವಿಗೆ ಮೊದಲು ಈ ಲೋಕವನ್ನು ಓದುಗರ ಮುಂದಿಟ್ಟವರು ಪತ್ರಕರ್ತರು. 1995ರಲ್ಲಿ ‘ಹಾಯ್ ಬೆಂಗಳೂರ್!’ ಆರಂಭಿಸಿದ ರವಿ ಬೆಳಗೆರೆ ‘ಪಾಪಿಗಳ ಲೋಕದಲ್ಲಿ’ ಬರೆದರು. ಅದೇ ವರ್ಷ ತೆರೆಕಂಡ ಉಪೇಂದ್ರ ನಿರ್ದೇಶನದ ‘ಓಂ’ ಚಿತ್ರದಲ್ಲಿ ರೌಡಿಗಳೆಂದು ಹೆಸರಾಗಿದ್ದ ಕೆಲವರೇ ಅಭಿನಯಿಸಿದರು. ಗುಂಪಿನ ಒಳಗಿದ್ದು ಹೊರಬಂದ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಕೊತ್ವಾಲನ ಕೊಲೆಯನ್ನು ಅದರಲ್ಲಿ ಪಾಲ್ಗೊಂಡವರ ಕಡೆಯಿಂದ ಹೇಳಿತು. ಅದನ್ನು ಆಧರಿಸಿ ಕೆ.ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ (2007) ಚಿತ್ರದ ಬರವಣಿಗೆಯಲ್ಲಿ ಗಿರೀಶ್ ಕಾರ್ನಾಡರೂ ಜೊತೆಯಾದರು.

ವಾಹಿನಿಗಳ ಕಾಲ

ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆ ನಡೆಸಿಕೊಟ್ಟ ‘ಕ್ರೈಂ ಡೈರಿ’ ಈ ಪ್ರಕಾರಕ್ಕೆ ಒಂದು ಆಕಾರ ಕೊಟ್ಟಿತು. ಬರಹದಲ್ಲಿ ಪಳಗಿದ ನಿರೂಪಕ ತನ್ನದೇ ದನಿಯಲ್ಲಿ ಕಥೆ ಹೇಳುವುದು ಅದರ ಮುಖ್ಯ ಗುಣ. ಉದಯ ಟಿವಿಯ ‘ಕ್ರೈಂ ಸ್ಟೋರಿ’ ಹಾಗೂ 2006ರ ಕೊನೆಗೆ ಬಂದ ಟಿವಿ9ನ ‘ವಾರಂಟ್’ ಇದೇ ದಾರಿಯಲ್ಲಿ ಸಾಗಿದವು.

ಇಂಥ ಕಂತುಗಳ ರಚನೆ ಬಹುಮಟ್ಟಿಗೆ ಒಂದೇ. ಕತ್ತಲು ಹಿನ್ನೆಲೆಯಲ್ಲಿ ನಿರೂಪಕ ಪ್ರಕರಣ ಪರಿಚಯಿಸುತ್ತಾನೆ. ಬಾಡಿಗೆ ಕಲಾವಿದರು ಸ್ಕೆಚ್ ಹಾಕುವುದನ್ನೂ ಅಟ್ಟಾಡಿಸಿ ಹೊಡೆಯುವುದನ್ನೂ ಅಭಿನಯಿಸುತ್ತಾರೆ. ಆಮೇಲೆ ಠಾಣೆಯ ದೃಶ್ಯ ಬರುತ್ತದೆ: ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಮಚ್ಚು, ಲಾಂಗು, ಹಿಂದೆ ಮುಸುಕು ಹಾಕಿ ನಿಲ್ಲಿಸಿದ ಆರೋಪಿಗಳು, ಮುಂದೆ ಮೈಕುಗಳ ಗುಂಪಿಗೆ ವಿವರ ಕೊಡುವ ಅಧಿಕಾರಿ. ರೌಡಿ ಪೆರೇಡ್ ಇನ್ನೊಂದು ಸಿದ್ಧ ದೃಶ್ಯ. ಠಾಣೆಯ ಅಂಗಳದಲ್ಲಿ ಸಾಲುಗಟ್ಟಿದ ರೌಡಿಶೀಟರ್‌ಗಳನ್ನು ಅಧಿಕಾರಿ ಒಬ್ಬೊಬ್ಬರನ್ನಾಗಿ ವಿಚಾರಿಸುವುದು, ಉದ್ದ ಕೂದಲು ಬಿಟ್ಟವನನ್ನು ಗದರುವುದು ವಾಹಿನಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಸಾಲಿನಲ್ಲಿ ನಿಂತವರಲ್ಲಿ ಶಿಕ್ಷೆಗೊಳಗಾದವರು ಯಾರು, ಹಳೆಯ ಶೀಟ್ ಮಾತ್ರ ಉಳಿದವರು ಯಾರು ಎಂಬುದು ಆ ದೃಶ್ಯದಿಂದ ತಿಳಿಯುವುದಿಲ್ಲ.

ವಿವಾದಿತ ಅಂಶಗಳು

ಮೊದಲ ತೊಡಕು ಆಕರಗಳದ್ದು. 1980ರ ದಶಕದ ಘಟನೆಗಳಿಗೆ ಇರುವ ವಿವರವಾದ ಕಥನಗಳು ಪಾಲ್ಗೊಂಡವರ ನೆನಪುಗಳು ಅಥವಾ ಅವರ ಮಾತು ಕೇಳಿ ಬರೆದ ಪತ್ರಕರ್ತರ ಬರಹಗಳು. ಕೊತ್ವಾಲನಿಗೂ ಜಯರಾಜನಿಗೂ ರಾಜಕೀಯ ಬೆಂಬಲ ಎಷ್ಟಿತ್ತು ಎಂಬ ಪ್ರಶ್ನೆಗೆ ಇವು ಒಂದೇ ಉತ್ತರ ಕೊಡುವುದಿಲ್ಲ. ಟಿವಿ ಕಂತು ಇವುಗಳಲ್ಲಿ ಒಂದನ್ನು ಆರಿಸಿ ಮರುಸೃಷ್ಟಿಸಿದ ಮೇಲೆ, ಆ ಆವೃತ್ತಿಯೇ ನಡೆದ ಸಂಗತಿಯೆಂದು ನೋಡುಗರಲ್ಲಿ ನೆಲೆಯೂರುತ್ತದೆ. ಜಯರಾಜನನ್ನು ಕುರಿತ ‘ಹೆಡ್ ಬುಷ್’ (2022) ಚಿತ್ರಕ್ಕೂ ಅಗ್ನಿ ಶ್ರೀಧರ್ ಅವರದೇ ಬರವಣಿಗೆ. ಅದಕ್ಕೆ ಜಯರಾಜ್ ಕುಟುಂಬದಿಂದ ಆಕ್ಷೇಪ ಬಂತು.

ಎರಡನೆಯದು ಕಥೆಯ ಒಡೆತನ. 2012ರಲ್ಲಿ ‘ಭೀಮಾ ತೀರದಲ್ಲಿ’ ಚಿತ್ರ ಬಂದಾಗ ತಮ್ಮ ಬರಹವನ್ನು ಬಳಸಿಕೊಳ್ಳಲಾಗಿದೆ ಎಂದು ರವಿ ಬೆಳಗೆರೆ ತಕರಾರು ಎತ್ತಿದರು. ಜಗಳ ವಾಹಿನಿಗಳ ನೇರ ಚರ್ಚೆಗೂ ಬಂತು. ಇದಕ್ಕೂ ಮೊದಲು, 1994ರಲ್ಲಿ, ತಮಿಳುನಾಡಿನ ಕೊಲೆ ಅಪರಾಧಿ ಆಟೋ ಶಂಕರ್‌ನ ಆತ್ಮಕಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿತ್ತು: ನ್ಯಾಯಾಲಯದ ದಾಖಲೆ ಸೇರಿದಂತೆ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪ್ರಕಟಿಸಲು ಅನುಮತಿ ಬೇಕಿಲ್ಲ, ಅದರಾಚೆಗಿನ ಖಾಸಗಿ ಬದುಕಿಗೆ ರಕ್ಷಣೆ ಉಂಟು.

ಮೂರನೆಯದು ವ್ಯಾಪ್ತಿ. ಪ್ರಕಟವಾದ ಕಥನಗಳಲ್ಲಿ ತಿಗಳರಪೇಟೆ, ಕಲಾಸಿಪಾಳ್ಯ, ಶಿವಾಜಿನಗರ, ಶ್ರೀರಾಮಪುರದಂಥ ಹಳೆಯ ಬಡಾವಣೆಗಳದ್ದೇ ಮೇಲುಗೈ. ಜಾಲಹಳ್ಳಿಯ ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳ ನೆರೆಯಲ್ಲಿ ಬೆಳೆದ ಮತ್ತಿಕೆರೆ, ಎಪಿಎಂಸಿ ಯಾರ್ಡ್ ಇರುವ ಯಶವಂತಪುರ, ಹೆಬ್ಬಾಳ, ಆರ್.ಟಿ. ನಗರಗಳು ಅಪರಾಧ ಕಾರ್ಯಕ್ರಮಗಳಲ್ಲಿ ಬಿಡಿ ಘಟನೆಗಳ ವಿಳಾಸವಾಗಿಯೇ ಬರುತ್ತವೆ. ಕೃಷಿ ಭೂಮಿ ನಿವೇಶನವಾದದ್ದು, ದುಡಿಯುವ ಹುಡುಗರು ಗುಂಪು ಸೇರಿದ್ದು, ಅಂಗಡಿಯವರು ಹಫ್ತಾ ಕೊಟ್ಟು ಬದುಕಿದ್ದು ಇಂಥ ಕಡೆ ಹೇಗೆ ನಡೆಯಿತೆಂಬುದಕ್ಕೆ ಒಂದು ಬಡಾವಣೆಯನ್ನೇ ಹಿಡಿದು ಹೇಳುವ ಸರಣಿ ಬೇಕು. ಹಲ್ಲೆಗೊಳಗಾದವರ, ಸತ್ತವರ ಮನೆಯವರ ಮಾತಿಗೂ ಈವರೆಗಿನ ನಿರೂಪಣೆಯಲ್ಲಿ ಡಾನ್‌ಗಳಿಗೆ ಸಿಕ್ಕಷ್ಟು ಜಾಗ ಸಿಕ್ಕಿಲ್ಲ. ಪ್ರಕಾರದ ದೊಡ್ಡ ಕೊರತೆ ಇದೇ.

ಒಟಿಟಿ ಮತ್ತು ನ್ಯಾಯಾಲಯ

2021ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ‘ಕ್ರೈಂ ಸ್ಟೋರೀಸ್: ಇಂಡಿಯಾ ಡಿಟೆಕ್ಟಿವ್ಸ್’ ಎಂಬ ನಾಲ್ಕು ಕಂತುಗಳ ಸರಣಿ ಬಿಡುಗಡೆ ಮಾಡಿತು. ವಸ್ತು ಗುಂಪು ಹಿಂಸೆಯಲ್ಲದಿದ್ದರೂ ಪ್ರಕಾರದ ಚರಿತ್ರೆಯಲ್ಲಿ ಇದು ತಿರುವು. ಮರುಸೃಷ್ಟಿಯ ಬದಲು ಕ್ಯಾಮೆರಾ ಬೆಂಗಳೂರು ಪೊಲೀಸರ ಜೊತೆಗೇ ನಡೆದು, ತನಿಖೆ ಸಾಗುತ್ತಿರುವಂತೆಯೇ ವಿಚಾರಣೆಯನ್ನು ಚಿತ್ರೀಕರಿಸಿತು. ವಿಚಾರಣೆ ಮುಗಿಯದ ಪ್ರಕರಣದ ಆರೋಪಿಯೊಬ್ಬ ಹೈಕೋರ್ಟಿಗೆ ಹೋದಾಗ, ಮೊದಲ ಕಂತಿನ ಪ್ರಸಾರಕ್ಕೆ ಮಧ್ಯಂತರ ತಡೆ ಸಿಕ್ಕಿತು.

ಪೊಲೀಸರೆದುರು ಆರೋಪಿ ನೀಡುವ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದೇ ನಿಯಮವನ್ನು ಉಳಿಸಿಕೊಂಡಿದೆ. ನ್ಯಾಯಾಲಯ ಒಪ್ಪದ ಮಾತು ತೆರೆಯ ಮೇಲೆ ಲಕ್ಷಾಂತರ ಜನರ ಮುಂದೆ ರುಜುವಾತಾಗಿಬಿಡಬಹುದು ಎಂಬುದು 2021ರ ಪ್ರಕರಣ ಎತ್ತಿದ ಮುಖ್ಯ ಪ್ರಶ್ನೆ. ಟಿವಿ ವಾಹಿನಿಗಳು 1995ರ ಕೇಬಲ್ ಕಾಯ್ದೆಯ ಕಾರ್ಯಕ್ರಮ ಸಂಹಿತೆಗೂ, ಒಟಿಟಿ ವೇದಿಕೆಗಳು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೂ ಒಳಪಡುತ್ತವೆ.