ಪಿಡಿಎಫ್ ಒಳಗೆ ಸಿಕ್ಕಿಬಿದ್ದ ಕನ್ನಡ: ಒಂದು ನಂಬರಿನ ಕಥೆ

ಯಾವುದಾದರೂ ಹಳೇ ಸರ್ಕಾರಿ ಪಿಡಿಎಫ್‌ನಿಂದ ಎರಡು ಸಾಲು ಕನ್ನಡ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿದ್ದೀರಾ? 'ಕನ್ನಡ' ಅನ್ನೋ ಪದವೇ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರೋ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಸಣ್ಣ ಕ್ಯೂ, ಹೀಗೆ ಏನೇನೋ ಆಗಿ ಬಂದು ಕೂರುತ್ತೆ. ಫೋನ್ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ಬೇರೆ ಬೇರೆ ಕಂಪನಿಗಳು ಒಂದು ನಂಬರಿಗೆ ಒಪ್ಪದೇ ಹೋದದ್ದರ ಗುರುತು ಅದು.

ನಾನು ಓದಿದ್ದು ಬಿ.ಕಾಂ., ಹಾಗಾಗಿ ನಮ್ಮ ಭಾಗದ ತೊಗರಿಯಿಂದಲೇ ಶುರು ಮಾಡ್ತೀನಿ. ಜಿಎಸ್‌ಟಿ ಬಿಲ್‌ನಲ್ಲಿ ಎಚ್‌ಎಸ್‌ಎನ್ ಕೋಡ್ ಅಂತ ಒಂದು ಕಾಲಂ ಇರುತ್ತೆ. ಒಣ ಬೇಳೆಕಾಳಿಗೆ 0713. ಆಳಂದದ ವ್ಯಾಪಾರಿ ತೊಗರಿ ಅಂತಾನೆ, ಗಡಿಯಾಚೆ ಸೋಲಾಪುರದವನು ತೂರ್ ಅಂತಾನೆ, ಉತ್ತರದ ಕಡೆಯವನು ಅರ್ಹರ್ ಅಂತಾನೆ. ನಂಬರ್ ಒಂದೇ ಇರೋದರಿಂದ ಮೂವರ ಲೆಕ್ಕವೂ ಕೂಡುತ್ತೆ.

1980ರ ದಶಕದಲ್ಲಿ ಕಂಪ್ಯೂಟರ್ ಲೋಕಕ್ಕೆ ಬೇಕಾಗಿದ್ದದ್ದೂ ಇದೇ. ಒಂದೇ ಆಫೀಸಿನಲ್ಲಿ ನಾಲ್ಕು ಕಂಪನಿಯ ಯಂತ್ರಗಳು. ಯಾವುದು ನಡೀತಿದೆ, ಯಾವುದು ನಿಂತಿದೆ ಅಂತ ನೋಡೋಕೆ ನಾಲ್ಕು ಥರದ ಸಾಫ್ಟ್‌ವೇರ್. 1988ರಲ್ಲಿ ಎಸ್‌ಎನ್‌ಎಂಪಿ ಅನ್ನೋ ಒಪ್ಪಂದ ಬಂತು. ಕೇಳಬೇಕಾದ ಪ್ರಶ್ನೆಗಳಿಗೆಲ್ಲ ಒಂದೊಂದು ನಂಬರ್. 1.3.6.1.2.1.1.3 ಅಂದರೆ 'ಎಷ್ಟು ಹೊತ್ತಿನಿಂದ ಎಚ್ಚರ ಇದ್ದೀಯಪ್ಪಾ?' ಅಂತ. ಒಪ್ಪಂದ ಪಾಲಿಸೋ ಯಂತ್ರ ಯಾವ ಕಂಪನಿಯದ್ದಾದರೂ ಉತ್ತರ ಕೊಡುತ್ತೆ. 1992ರಲ್ಲಿ ಟೇಬಲ್ ಮೇಲಿನ ಕಂಪ್ಯೂಟರ್‌ಗಳಿಗೂ ಇಂಥ ನಿಯಮ ಮಾಡೋಕೆ ಡಿಎಂಟಿಎಫ್ ಅನ್ನೋ ಕೂಟ ಹುಟ್ಟಿತು. ಕಂಪನಿಗಳೇನೂ ಪೈಪೋಟಿ ಬಿಡಲಿಲ್ಲ. ಎಸ್‌ಎನ್‌ಎಂಪಿಯಲ್ಲಿ 1.3.6.1.4.1ರ ಕೆಳಗೆ ಪ್ರತಿ ಕಂಪನಿಗೂ ತನ್ನದೇ ಖಾಸಗಿ ಜಾಗ ಇದೆ. ಆ ಹಿಂಬಾಗಿಲು ಇಟ್ಟಿರದಿದ್ದರೆ ಒಬ್ಬರೂ ಒಪ್ಪುತ್ತಿರಲಿಲ್ಲ ಅನ್ನೋದು ನನ್ನ ಗುಮಾನಿ.

ಈಗ ಕನ್ನಡಕ್ಕೆ ಬರೋಣ. ಇಲ್ಲಿ ಒಪ್ಪಂದವೇ ಇರಲಿಲ್ಲ ಅಂತಲ್ಲ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ 'ಇಸ್ಕಿ' ಅನ್ನೋ ಸಂಕೇತಪಟ್ಟಿ ಪ್ರಕಟಿಸಿತು. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಅಲ್ಲಿ 'ಕ' ಅಂದರೆ 3221, ಲೋಕದ ಯಾವ ಮೂಲೆಗೆ ಹೋದರೂ. ಆದರೆ ಡಿಟಿಪಿ ಅಂಗಡಿಯವನಿಗೆ ಅವತ್ತು ಬೇಕಾಗಿದ್ದದ್ದು ಲಗ್ನಪತ್ರಿಕೆ ಪ್ರಿಂಟ್ ಆಗೋದು, ಅಷ್ಟೇ. ಕಂಪನಿಗಳು ಅದಕ್ಕೊಂದು ಅಡ್ಡದಾರಿ ಹುಡುಕಿದವು. ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನ ಚೂರು ಚೂರಾಗಿ ತುಂಬಿದವು. ಶ್ರೀಲಿಪಿ ಒಂದು ಥರ ತುಂಬಿತು, ಆಕೃತಿ ಇನ್ನೊಂದು ಥರ, ಪ್ರಕಾಶಕ್ ಮತ್ತೊಂದು ಥರ. ಕಾಗದದ ಮೇಲೆ ಎಲ್ಲವೂ ಚಂದ. ಫೈಲ್ ಮಾತ್ರ ಇನ್ನೊಂದು ಅಂಗಡಿಗೆ ಹೋದರೆ ಮೂಕ. ಗಿರಾಕಿ ತಿರುಗಿ ಹಳೇ ಅಂಗಡಿಗೇ ಬರಬೇಕು! ವ್ಯಾಪಾರದ ಕಣ್ಣಿಂದ ನೋಡಿದರೆ ಇದರಷ್ಟು ಒಳ್ಳೇ ಬೀಗ ಇನ್ನೊಂದಿಲ್ಲ.

ಕೀಲಿಮಣೆಯ ವಿಷಯ ಸಲೀಸಾಗಿ ಮುಗೀತು, ಕೆ.ಪಿ. ರಾವ್ ಅವರ ವಿನ್ಯಾಸವನ್ನ ಸರ್ಕಾರ ಒಪ್ಪಿತು. 1998ರಲ್ಲಿ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವೆರಡರ ಹಳೇ ಫಾಂಟ್‌ಗಳ ಒಳಗಿನ ಜೋಡಣೆ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಅರ್ಧ ಬೀಗ ತೆರೀತು. ಅರ್ಧ ಯಾಕೆ ಅಂದರೆ, ಆ ಫೈಲ್ ಒಳಗೆ ಇದ್ದದ್ದು ಆಗಲೂ ಇಂಗ್ಲಿಷ್ ಅಕ್ಷರಗಳೇ.

ಇದೇ ಹೊತ್ತಿಗೆ 'ಭೂಮಿ' ಯೋಜನೆ ಬಂತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಮ್ಮ ಆಡಳಿತದ ಭಾಷೆ ಉರ್ದು. 'ಪಹಣಿ' ಅನ್ನೋ ಪದ ನಮ್ಮಂತೆ ತೆಲಂಗಾಣದವರ ಬಾಯಲ್ಲೂ ಇದೆ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರ್‌ಗೆ ಹೋಯಿತು. ಜೇವರ್ಗಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಎಲ್ಲಾ ತಾಲ್ಲೂಕಿನಲ್ಲೂ ಎನ್‌ಐಸಿ ಮಾಡಿದ ಒಂದೇ ಸಾಫ್ಟ್‌ವೇರ್. ತಯಾರಕರು ಒಬ್ಬರೇ ಆದರೆ ಒಪ್ಪಂದದ ತಲೆನೋವೇ ಇಲ್ಲ ನೋಡ್ರಿ. ಆದರೆ ನೋಟಿಸು, ನಡಾವಳಿ, ಊರಿನ ಪೇಪರ್ರು ಆ ಸಾಫ್ಟ್‌ವೇರಿನ ಹೊರಗೇ ಉಳಿದವು. ಇ-ಆಡಳಿತಕ್ಕೆ ಯೂನಿಕೋಡೇ ಮಾನಕ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2009ರಲ್ಲಿ. ಅಂದರೆ ನಂಬರ್ ಸಿಕ್ಕಿ ಹದಿನೆಂಟು ವರ್ಷ ಆದಮೇಲೆ.

ನಂಬರ್ ಬಂದರೂ ಎಲ್ಲ ಸರಿಹೋಗಲ್ಲ ಅನ್ನೋದಕ್ಕೆ ಅಫಜಲಪುರದ ಹೆಸರೇ ಸಾಕ್ಷಿ. ಅದರ ಎರಡು ಉರ್ದು ಉಚ್ಚಾರಗಳನ್ನ ಕನ್ನಡದಲ್ಲಿ ತೋರಿಸೋಕೆ ಅಕ್ಷರದ ಕೆಳಗೆ ನುಕ್ತಾ ಬೇಕು: ಅಫ಼ಜ಼ಲಪುರ. ಕನ್ನಡದ ನುಕ್ತಾ ಯೂನಿಕೋಡ್‌ಗೆ ಸೇರಿದ್ದು 2003ರಲ್ಲಿ. ಇವತ್ತಿಗೂ ಅಫಜಲಪುರ, ಅಫ್ಜಲಪುರ ಅಂತ ಎರಡೂ ಥರ ಬರೀತೀವಿ. ಯಂತ್ರಕ್ಕೆ ಅವು ಬೇರೆ ಬೇರೆ ಪದ.

ಇದರಲ್ಲಿ ನಮಗೆ ಹೋಗಿದ್ದೇನು? 1990ರಿಂದ 2010ರವರೆಗೆ ಟೈಪ್ ಆದ ಕನ್ನಡದಲ್ಲಿ ಬಹುಪಾಲು ಈ ಫಾಂಟ್‌ಗಳಲ್ಲೇ ಇದೆ. ಗೂಗಲ್‌ನಲ್ಲಿ ಆಳಂದದ ಹೆಸರು ಹಾಕಿ ಹುಡುಕಿದರೆ ಅವು ಸಿಗಲ್ಲ, ಯಾಕಂದರೆ ಅವುಗಳ ಒಳಗೆ 'ಆ' ಅನ್ನೋ ಅಕ್ಷರವೇ ಇಲ್ಲ. ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಫಾಂಟ್ ಹೆಸರು ನೋಡಿ. ನುಡಿ ಅಥವಾ ಬಿಆರ್‌ಎಚ್ ಅಂತಿದ್ದರೆ ಉಚಿತ ಪರಿವರ್ತಕಗಳಿವೆ, ಕಾಗುಣಿತ ಅಲ್ಲಲ್ಲಿ ತಿದ್ದಿದರೆ ಸಾಕು. ಬೇರೆ ಕಂಪನಿಯದ್ದಾದರೆ ಅದರದ್ದೇ ಪಟ್ಟಿ ಹುಡುಕಬೇಕು. ಮತ್ತೆ ನಿಮ್ಮೂರಲ್ಲಿ ಹಳೇ ಡಿಟಿಪಿ ಅಂಗಡಿ ಯಾವುದಾದರೂ ಬಾಗಿಲು ಹಾಕ್ತಿದ್ದರೆ, ಪುಸ್ತಕದ ಫೈಲ್ ಇರೋ ಸಿಡಿ ಜೊತೆಗೆ ಆ ಕಂಪ್ಯೂಟರಿನ ಫಾಂಟ್ ಫೋಲ್ಡರನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬರ್ರಿ.