ಶಾಲೆಯ ಆಯ್ಕೆ ಮತ್ತು ಜಾತಿ: ಸೇಡಂ–ಚಿತ್ತಾಪುರ ಸೀಮೆ

ಐದಾರು ವರ್ಷದ ಕೂಸನ್ನು ಯಾವ ಸಾಲಿಗೆ ಹಾಕಬೇಕೆಂಬುದನ್ನು ತಂದೆ ತಾಯಿಯೇ ತೀರ್ಮಾನಿಸುತ್ತಾರೆ. ಆದರೆ ಕಲಬುರಗಿ ಜಿಲ್ಲೆಯ ಗುಂಡಗುರ್ತಿಯಂಥ ಊರುಗಳಲ್ಲಿ ಆ ತೀರ್ಮಾನ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಜಾತಿ, ಮನೆಮಾತು ಮತ್ತು ದಿನಗೂಲಿ ಮೊದಲೇ ಗೊತ್ತುಮಾಡಿರುತ್ತವೆ. ಒಂದು ಮನೆಯ ಅಂಗಳಕ್ಕೆ ಕಾನ್ವೆಂಟಿನ ವ್ಯಾನು ಬರುತ್ತದೆ. ಪಕ್ಕದ ಕೇರಿಯ ಮಗು ಅಂಗನವಾಡಿಯಿಂದ ನೇರವಾಗಿ ಊರಿನ ಸರ್ಕಾರಿ ಶಾಲೆಗೆ ನಡೆಯುತ್ತದೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಪರಿಶಿಷ್ಟ ಜಾತಿಯವರು. ಸಾಕ್ಷರತೆ ರಾಜ್ಯದಲ್ಲಿ ಶೇ. 75.36 ಇದ್ದಾಗ ಇಲ್ಲಿ ಶೇ. 64.85 ಇತ್ತು.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಹಳೆಯದು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಮಹಾರ್ ಹುಡುಗನೊಬ್ಬನಿಗೆ ಪ್ರವೇಶ ನಿರಾಕರಿಸಿತು. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಅವನ ಕಡೆಗಿದೆ ಎಂದು ಒಪ್ಪಿಯೂ, ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರೆಂಬ ಅಂಜಿಕೆಯಿಂದ ಸರ್ಕಾರ ಕೈಚೆಲ್ಲಿತು. ನಿಜಾಮರ ಆಳ್ವಿಕೆಯ ಈ ಸೀಮೆಯಲ್ಲಿ ಕಷ್ಟದ ರೂಪ ಬೇರೆ: ಸರ್ಕಾರಿ ಶಿಕ್ಷಣದಲ್ಲಿ ಉರ್ದುವಿನದೇ ಮೇಲುಗೈ, ಕನ್ನಡಕ್ಕೆ ಆಸರೆ ಕೆಲವೇ ಖಾಸಗಿ ಸಂಸ್ಥೆಗಳು. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲಿ ಆರಂಭವಾದದ್ದು ಆ ಕಾಲದಲ್ಲಿ.

ಇಂದು ಯಾವ ಶಾಲೆಯೂ ಜಾತಿ ಕೇಳಿ ಬಾಗಿಲು ಹಾಕುವಂತಿಲ್ಲ. ಈಗ ಉಳ್ಳವರು ಸರ್ಕಾರಿ ಶಾಲೆಯಿಂದ ಎದ್ದು ಹೋಗುತ್ತಾರೆ, ಇಲ್ಲದವರು ಅಲ್ಲೇ ಉಳಿಯುತ್ತಾರೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಕಾಯಂ ನೌಕರಿ ಇರುವವರಿಗೂ, ಶಹಾಬಾದಿನ ಗಣಿಗಳಲ್ಲಿ ಫರಸಿ ಕಲ್ಲು ಒಡೆಯುವ ಕೂಲಿಯವರಿಗೂ ಶಾಲೆಯ ಆಯ್ಕೆ ಒಂದೇ ಅಲ್ಲ. ಚಿಂಚೋಳಿ ಸುತ್ತಿನ ತಾಂಡಾಗಳಲ್ಲಂತೂ ಹಲವು ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಕೂಸನ್ನು ಸಂಗಡ ಒಯ್ದರೆ ಶಾಲೆ ತಪ್ಪುತ್ತದೆ, ಅಜ್ಜಿಯ ಹತ್ತಿರ ಬಿಟ್ಟರೆ ತಾಯಿ ತಪ್ಪುತ್ತಾಳೆ. ಇದನ್ನು ಆಯ್ಕೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಮನೆಯಲ್ಲಿ ಲಂಬಾಣಿ ಆಡುವ ಆ ಮಗುವಿಗೆ ಒಂದನೇ ತರಗತಿಯ ಕನ್ನಡವೇ ಹೊಸ ಭಾಷೆ. ಇಂಗ್ಲಿಷ್ ಅದಕ್ಕೂ ಆಚೆಯದು.

2009ರ ಶಿಕ್ಷಣ ಹಕ್ಕು ಕಾಯ್ದೆ ಈ ಗೋಡೆಯಲ್ಲಿ ಒಂದು ಕಿಂಡಿ ತೆರೆದಿತ್ತು. ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯ ಶೇ. 25 ಸೀಟುಗಳನ್ನು ಹಿಂದುಳಿದ ಹಾಗೂ ಬಡ ಕುಟುಂಬಗಳ ನೆರೆಹೊರೆಯ ಮಕ್ಕಳಿಗೆ ಬಿಟ್ಟುಕೊಡಬೇಕು, ಶುಲ್ಕವನ್ನು ಸರ್ಕಾರ ಭರಿಸಬೇಕು. ಕರ್ನಾಟಕದಲ್ಲಿ ಇದು 2012ರಿಂದ ನಡೆಯಿತು. ಖಾಸಗಿ ಶಾಲೆಯೇ ಇಲ್ಲದ ಹಳ್ಳಿಗೆ ಇದರಿಂದ ಆಗಲೂ ಪ್ರಯೋಜನವಿರಲಿಲ್ಲ. 2018–19ರಲ್ಲಿ ರಾಜ್ಯ ನಿಯಮ ತಿದ್ದಿತು: ನೆರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. ಲಕ್ಷ ಮೀರಿದ್ದ ಸೀಟುಗಳು ಮರುವರ್ಷವೇ ತೀರಾ ಕಡಿಮೆಯಾದವು. 2019ರಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ, ಬೊಕ್ಕಸದ ಹಣ ಖಾಸಗಿಯವರಿಗೆ ಹೋಗುತ್ತಿದೆ ಎಂಬ ವಾದ ಸುಳ್ಳಲ್ಲ. ಆದರೆ ಸರ್ಕಾರಿ ಶಾಲೆ ಉಳಿಸುವ ಹೊಣೆ ಬಿದ್ದದ್ದು ಬಡವರ ಮಕ್ಕಳ ಮೇಲೆ ಮಾತ್ರ. ಫೀಸು ಕಟ್ಟಬಲ್ಲವರ ಆಯ್ಕೆಯನ್ನು ಯಾರೂ ಮುಟ್ಟಲಿಲ್ಲ. ಮಾಧ್ಯಮದ ವಿಷಯದಲ್ಲಿಯೂ ಹೀಗೆಯೇ: ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಕಡ್ಡಾಯ ಮಾಡುವಂತಿಲ್ಲ, ಆಯ್ಕೆ ಪೋಷಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆ ಹಕ್ಕನ್ನು ಬಳಸಲು ದುಡ್ಡು ಬೇಕು.

ಹೀಗೆ ಎದ್ದು ಹೋಗುವುದು ಬೇರೆಡೆಯೂ ನಡೆದಿದೆ. ಅಮೆರಿಕದಲ್ಲಿ 1954ರ ಬ್ರೌನ್ ತೀರ್ಪು ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಸರ್ಕಾರಿ ಶಾಲೆಗಳೆಂಬ ಪದ್ಧತಿಯನ್ನು ರದ್ದುಮಾಡಿದ ಮೇಲೆ, ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಕುಟುಂಬಗಳು ತಮ್ಮ ಮಕ್ಕಳಿಗೆಂದೇ ಖಾಸಗಿ ಶಾಲೆಗಳನ್ನು ಕಟ್ಟಿಕೊಂಡವು. ನಮ್ಮಲ್ಲಿ ಅಷ್ಟು ಬಹಿರಂಗವಾಗಿ ಹೇಳುವವರು ಕಡಿಮೆ. ಹೇಳುವ ಕಾರಣ ‘ಇಂಗ್ಲಿಷ್’, ‘ಶಿಸ್ತು’, ‘ಒಳ್ಳೆ ಸಹವಾಸ’. ಮೂರನೆಯದರ ಒಳಗೆ ಹಲವು ಸಲ ಜಾತಿ ಕೂತಿರುತ್ತದೆ. ರಾಜ್ಯದ ಕೆಲವೆಡೆ ಬಿಸಿಯೂಟಕ್ಕೆ ದಲಿತ ಮಹಿಳೆ ಅಡುಗೆ ಮಾಡುತ್ತಾರೆಂದು ಪೋಷಕರು ಮಕ್ಕಳ ಟಿ.ಸಿ. ಪಡೆದ ವರದಿಗಳೂ ಇವೆ. ಇದೇ ಬಿಸಿಯೂಟ 2002–03ರಲ್ಲಿ ಮೊದಲು ಶುರುವಾದದ್ದು ಕಲಬುರಗಿಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಒಂದೇ ಸಾಲಿನಲ್ಲಿ ಕೂತು ಉಣ್ಣುವ ಮಕ್ಕಳಿಗಾಗಿ.

2024ರಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, ತಮ್ಮ ಕೇಂದ್ರಗಳ ಮಕ್ಕಳು ಹೊರಟುಹೋಗುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಅಂಜಿಕೆಗೂ ಆಧಾರವಿತ್ತು. ಫೀಸಿಲ್ಲದೆ ಎಲ್‌ಕೆಜಿ ಸಿಗಲೆಂಬ ಕೂಲಿ ಮನೆಗಳ ಆಸೆಗೂ ಆಧಾರವಿತ್ತು.